ಸ್ಲೀಪ್ ಏರಿಸಿದರೆ ಟೆಸ್ಟ್ ಸರಿಹೋಗದು

ಬಿಡುವಿನ ವೇಳೆಯಲ್ಲಿ ಮುಕ್ತ ತಂತ್ರಾಂಶ ಯೋಜನೆಗಳಿಗೆ ದುಡಿಯುವ ಬೆಂಗಳೂರಿನ ಗೆಳೆಯರು ಮತ್ತೆ ಮತ್ತೆ ಕೇಳುವುದು ಇದನ್ನೇ: ಬ್ರೌಸರ್ ತೆರೆದು ಗುಂಡಿ ಒತ್ತಿ ನೋಡುವ ನಮ್ಮ ಟೆಸ್ಟ್ ಒಮ್ಮೆ ಪಾಸಾಗುತ್ತದೆ, ಒಮ್ಮೆ ಫೇಲಾಗುತ್ತದೆ, ಏನು ಮಾಡುವುದು? ಟೆಸ್ಟ್ ಬರೆಯುವ ಬಗೆಯನ್ನು ಇಲ್ಲಿ ಹೇಳಿಕೊಡುವುದಿಲ್ಲ, ಅದು ಬಾರದವರು ಈ ಪ್ರಶ್ನೆ ಕೇಳುವುದೂ ಇಲ್ಲ. ಆದರೆ ಪರಿಹಾರವೆಂದು ಎಲ್ಲೆಡೆ ಹಂಚಲಾಗುತ್ತಿರುವ ಅಡ್ಡಮದ್ದನ್ನು, ಅಂದರೆ ಸ್ಲೀಪ್ (ಇಂತಿಷ್ಟು ಸೆಕೆಂಡ್ ಸುಮ್ಮನೆ ಕಾಯಿಸುವ ಸಾಲು) ಏರಿಸಿ ಎಂಬುದನ್ನು, ನೋಡಿ ಸುಮ್ಮನಿರಲು ನನ್ನಿಂದ ಆಗುತ್ತಿಲ್ಲ.

ನಮ್ಮದು ಸ್ವಯಂಸೇವಕರು ನಡೆಸುವ ಆನ್‌ಲೈನ್ ನಿಘಂಟು. ಹೊಸ ಪದ ಸೇರಿಸಿ ‘ಉಳಿಸಿ’ ಒತ್ತಿದರೆ ‘ಉಳಿಸಲಾಗಿದೆ’ ಎಂಬ ಸಂದೇಶ ಬಂದು ನಾಲ್ಕು ಸೆಕೆಂಡಿನಲ್ಲಿ ಮರೆಯಾಗುತ್ತದೆ. ಟೆಸ್ಟ್ ಆ ಸಂದೇಶವನ್ನು ಹುಡುಕುತ್ತದೆ. ಎರಡು ಸೆಕೆಂಡ್ ಸ್ಲೀಪ್ ಇದ್ದಾಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಪಾಸ್, ಪ್ರತಿ ಬದಲಾವಣೆಗೂ ಟೆಸ್ಟ್ ಓಡಿಸುವ ಸಿಐ ಸರ್ವರ್‌ನಲ್ಲಿ ಆಗಾಗ ಫೇಲ್. ಐದಕ್ಕೆ ಏರಿಸಿದೆವು. ಈಗ ಸಿಐಯಲ್ಲಿ ಬಹುಪಾಲು ಪಾಸ್, ನನ್ನಲ್ಲಿ ಫೇಲ್! ಸದ್ಯಕ್ಕೆ ಫೇಲಾದರೆ ತಾನೇ ಮೂರು ಸಲ ಮತ್ತೆ ಓಡುವಂತೆ ಮರುಪ್ರಯತ್ನ ಹಾಕಿದ್ದೇವೆ. ಇದು ಸರಿಯೇ? — ಓದುಗರು, ಬಸವನಗುಡಿ

ಸರಿಯಲ್ಲ. ಮೊದಲು ಆ ಮರುಪ್ರಯತ್ನವನ್ನು ತೆಗೆಯಿರಿ, ಆಮೇಲೆ ಮುಂದೆ ಓದಿ.

ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರವಿದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಪದ ಕ್ಷಣಾರ್ಧದಲ್ಲಿ ಉಳಿಯುತ್ತದೆ. ಸಂದೇಶ ಆಗಲೇ ಬಂದು, ನಾಲ್ಕು ಸೆಕೆಂಡ್ ಇದ್ದು ಹೋಗುತ್ತದೆ. ಎರಡನೇ ಸೆಕೆಂಡಿನಲ್ಲಿ ನೋಡಿದರೆ ಕಾಣುತ್ತದೆ, ಐದನೆಯದರಲ್ಲಿ ನೋಡಿದರೆ ಮಾಯವಾಗಿರುತ್ತದೆ. ಸಿಐ ಯಂತ್ರ ನಿಧಾನದ್ದು. ಅಲ್ಲಿ ಉಳಿಸಲು ಮೂರು ಸೆಕೆಂಡ್ ಹಿಡಿದರೆ, ಎರಡನೇ ಸೆಕೆಂಡಿಗೆ ಸಂದೇಶ ಇನ್ನೂ ಬಂದಿರುವುದಿಲ್ಲ, ಐದನೆಯದಕ್ಕೆ ಎದುರಿಗೇ ಇರುತ್ತದೆ. ಅದೇ ಯಂತ್ರ ಯಾವತ್ತಾದರೂ ಚುರುಕಾಗಿ ಓಡಿದರೆ ಅಲ್ಲಿಯೂ ಫೇಲ್. ಎರಡೂ ಯಂತ್ರಗಳಿಗೆ ಹೊಂದುವ ಒಂದು ಸಂಖ್ಯೆಯನ್ನು ಹುಡುಕುತ್ತ ಕೂರಬೇಡಿ, ಅಂಥದು ಇವತ್ತು ಸಿಕ್ಕರೂ ಯಂತ್ರದ ವೇಗ ಬದಲಾದ ದಿನ ಕೈಕೊಡುತ್ತದೆ.

ಟೆಸ್ಟ್ ಕಾಯಬೇಕಾದದ್ದು ಘಟನೆಗೆ, ಗಡಿಯಾರಕ್ಕಲ್ಲ. ಬ್ರೌಸರನ್ನು ತಾನೇ ನಡೆಸುವ ಪರಿಕರವಾದ ಸೆಲೆನಿಯಂನಲ್ಲಿ ವೆಬ್‌ಡ್ರೈವರ್‌ವೇಟ್ ಇದೆ. ಬೇಕಾದ ಸ್ಥಿತಿ ಬಂದಿದೆಯೇ ಎಂದು ಅದು ಅರ್ಧ ಸೆಕೆಂಡಿಗೊಮ್ಮೆ ನೋಡುತ್ತದೆ, ಬಂದ ಕೂಡಲೇ ಮುಂದಕ್ಕೆ ಬಿಡುತ್ತದೆ. ಅಂಥದೇ ಇನ್ನೊಂದು ಪರಿಕರವಾದ ಪ್ಲೇರೈಟ್‌ನ ಎಕ್ಸ್‌ಪೆಕ್ಟ್ (ನಿರೀಕ್ಷಿಸಿದ್ದು ಬಂದಿದೆಯೇ ಎಂದು ನೋಡುವ ಆಜ್ಞೆ) ಬೇರೇನೂ ಹೇಳದಿದ್ದರೂ ಐದು ಸೆಕೆಂಡ್‌ವರೆಗೆ ತಾನೇ ಮತ್ತೆ ಮತ್ತೆ ನೋಡುತ್ತದೆ. ಸೆಲೆನಿಯಂ ಬಳಸುವವರು ಇಂಪ್ಲಿಸಿಟ್ ವೇಟ್ (ಪ್ರತಿ ಹುಡುಕಾಟಕ್ಕೂ ಅನ್ವಯಿಸುವ ಕಾಯುವಿಕೆ) ಮತ್ತು ಎಕ್ಸ್‌ಪ್ಲಿಸಿಟ್ ವೇಟ್ (ವೆಬ್‌ಡ್ರೈವರ್‌ವೇಟ್‌ನಂತೆ ಒಂದು ಸ್ಥಿತಿಗಾಗಿ ಕಾಯುವುದು) ಎರಡನ್ನೂ ಒಟ್ಟಿಗೆ ಹಾಕಬೇಡಿ. ಮೊದಲನೆಯದಕ್ಕೆ 10, ಎರಡನೆಯದಕ್ಕೆ 15 ಸೆಕೆಂಡ್ ಕೊಟ್ಟರೆ 20 ಸೆಕೆಂಡ್ ಕಾದು ಕೈಬಿಡಬಹುದು ಎಂದು ಸೆಲೆನಿಯಂನವರೇ ಬರೆದು ಎಚ್ಚರಿಸಿದ್ದಾರೆ. ಆದರೂ ಎರಡನ್ನೂ ಹಾಕಿದ ಕೋಡ್ ನನ್ನ ಮುಂದೆ ಬರುವುದು ನಿಂತಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ಸಂದೇಶ ಬಂದಿತೆಂದರೆ ಪದ ಉಳಿಯಿತೆಂದು ಅರ್ಥವಲ್ಲ. ನಿಘಂಟು ಬಳಸುವವರಿಗೆ ಬೇಕಾದದ್ದು ಪದ. ಉಳಿಸುವ ಕೋರಿಕೆಗೆ ಸರ್ವರ್ ಉತ್ತರ ಕೊಡುವವರೆಗೆ ಕಾದು, ಪುಟವನ್ನು ಮತ್ತೆ ತೆರೆದು, ಪದ ಅಲ್ಲಿದೆಯೇ ಎಂದು ನೋಡಿ. ಉತ್ತರಕ್ಕೆ ಕಿವಿಗೊಡುವ ಸಾಲನ್ನು ಗುಂಡಿ ಒತ್ತುವ ಸಾಲಿಗಿಂತ ಮೊದಲೇ ಬರೆಯಬೇಕು. ಇಲ್ಲವಾದರೆ ವೇಗದ ಯಂತ್ರದಲ್ಲಿ ಉತ್ತರ ಬಂದು ಹೋದ ಮೇಲೆ ಕಾಯಲು ಕುಳಿತಂತಾಗುತ್ತದೆ, ಮತ್ತೆ ಅದೇ ರೋಗ.

ಬದಲಾವಣೆ ಮಾಡುವ ಮೊದಲು ತಪ್ಪನ್ನು ನಿಮ್ಮ ಮೇಜಿನ ಮೇಲೆಯೇ ಮರುಕಳಿಸುವಂತೆ ಮಾಡಿ. ಕ್ರೋಮ್‌ನ ಡೆವಲಪರ್ ಪರಿಕರಗಳಲ್ಲಿ ನೆಟ್‌ವರ್ಕನ್ನೂ ಸಿಪಿಯುವನ್ನೂ ನಿಧಾನಗೊಳಿಸಬಹುದು. ಆ ಒಂದೇ ಟೆಸ್ಟನ್ನು ಐವತ್ತು ಸಲ ಓಡಿಸಿ. ಒಂಟಿಯಾಗಿ ಓಡಿದಾಗ ಪಾಸಾಗಿ ಗುಂಪಿನಲ್ಲಿ ಫೇಲಾದರೆ, ಇನ್ನೊಂದು ಟೆಸ್ಟ್ ಅದೇ ಬಳಕೆದಾರ ಖಾತೆಯನ್ನೋ ಅದೇ ಪದವನ್ನೋ ಮುಟ್ಟುತ್ತಿದೆ ಎಂದು ಶಂಕಿಸಿ. ಡಾಕರ್ (ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಪರಿಕರ) ಒಳಗೆ ಕ್ರೋಮ್ ನಡುವೆಯೇ ಸತ್ತುಹೋಗುತ್ತಿದ್ದರೆ ಹಂಚಿಕೆಯ ಮೆಮೊರಿಯನ್ನು ನೋಡಿ. ಬೇರೇನೂ ಹೇಳದಿದ್ದರೆ ಡಾಕರ್ ಅದಕ್ಕೆ ಕೊಡುವುದು 64 ಎಂಬಿ ಮಾತ್ರ, ಭಾರದ ಪುಟಕ್ಕೆ ಅದು ಸಾಲದು. ಫೇಲಾದಾಗಿನ ಸ್ಕ್ರೀನ್‌ಶಾಟ್ ಮತ್ತು ಲಾಗ್ ಉಳಿಸದ ಸಿಐ ಇದ್ದರೆ ಇವತ್ತೇ ಸರಿಪಡಿಸಿ. ಅವಿಲ್ಲದೆ ನನಗೆ ಬರೆದರೆ ನಾನು ಹೇಳುವುದೆಲ್ಲ ಬರಿಯ ಊಹೆ.

ಇನ್ನು ಮರುಪ್ರಯತ್ನ. ಎರಡನೇ ಸಲಕ್ಕೆ ಪಾಸಾದ ಟೆಸ್ಟನ್ನು ಪ್ಲೇರೈಟ್ ತನ್ನ ವರದಿಯಲ್ಲಿ ‘ಫ್ಲೇಕಿ’ (ಅಸ್ಥಿರ) ಎಂದು ಬೇರೆಯಾಗಿಯೇ ತೋರಿಸುತ್ತದೆ. ಅದನ್ನು ತೆರೆದು ಓದುವವರು ಯಾರು? ಹಸಿರು ಗುರುತು ಕಂಡ ಕೂಡಲೇ ಎಲ್ಲರೂ ಪುಟ ಮುಚ್ಚುತ್ತಾರೆ. ಸಂಬಳದ ಕೆಲಸದಲ್ಲಿ ಇದರ ನಷ್ಟವನ್ನು ಕಂಪನಿ ಹೊರುತ್ತದೆ. ನಮ್ಮಲ್ಲಿ ಹೊರುವವರು ಹೊಸಬರು. ಒಬ್ಬ ವಿದ್ಯಾರ್ಥಿನಿ ಮೊದಲ ಬಾರಿಗೆ ಒಂದು ಕಾಗುಣಿತದ ತಪ್ಪನ್ನು ತಿದ್ದಿ ಪುಲ್ ರಿಕ್ವೆಸ್ಟ್ (ತಿದ್ದುಪಡಿಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಕಳುಹಿಸುತ್ತಾಳೆ. ಅವಳು ಮುಟ್ಟದ ಯಾವುದೋ ಟೆಸ್ಟ್ ಕೆಂಪಾಗುತ್ತದೆ. ತನ್ನದೇ ತಪ್ಪೆಂದುಕೊಂಡು ಆಕೆ ಒಂದು ರಾತ್ರಿಯೆಲ್ಲ ಹುಡುಕುತ್ತಾಳೆ, ಮತ್ತೆ ಬರುವುದಿಲ್ಲ. ಹೀಗೆ ಹೋದವರನ್ನು ಕಂಡಿದ್ದೇನೆ. ಆದ್ದರಿಂದ ‘ಇನ್ನೊಮ್ಮೆ ಓಡಿಸಿದೆ, ಸರಿಹೋಯಿತು’ ಎಂಬ ವಿವರಣೆಯೊಂದಿಗೆ ಬಂದ ಬದಲಾವಣೆಯನ್ನು ನಾನು ಒಪ್ಪಿಕೊಳ್ಳುವುದಿಲ್ಲ. ಕೂಡಲೇ ಸರಿಪಡಿಸಲಾಗದ ಟೆಸ್ಟನ್ನು ಬದಿಗಿಡಿ, ಅದಕ್ಕೊಬ್ಬ ಹೊಣೆಗಾರರ ಹೆಸರು ಬರೆಯಿರಿ. ಹೊಣೆ ಹೊರಲು ಯಾರೂ ಮುಂದೆ ಬರದಿದ್ದರೆ ಅಳಿಸಿಹಾಕಿ. ಇದನ್ನು ಕಠಿಣ ಎನ್ನುವ, ಯೋಜನೆ ನೋಡಿಕೊಳ್ಳುವ ಮೇಂಟೈನರ್‌ಗಳಿದ್ದಾರೆ, ನನ್ನ ಅಭಿಪ್ರಾಯ ಬದಲಾಗಿಲ್ಲ.

ಪರದೆಯ ಮೇಲಿನ ಪದವೂ ಟೆಸ್ಟ್‌ನಲ್ಲಿರುವ ಪದವೂ ಅಕ್ಷರಶಃ ಒಂದೇ. ಆದರೂ ಹೊಂದುತ್ತಿಲ್ಲ. — ಓದುಗರು, ಮಲ್ಲೇಶ್ವರ

ಕಣ್ಣಿಗೆ ಒಂದೇ, ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ಗೆ ಅಲ್ಲ. ‘ಕೊ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎರಡು ಸಂಕೇತಗಳಾಗಿಯೂ ಇಡಬಹುದು. ಹೋಲಿಸುವ ಮೊದಲು ಎರಡೂ ಕಡೆಯದನ್ನು ಎನ್‌ಎಫ್‌ಸಿ (ಇಂಥ ಸಂಕೇತಗಳನ್ನು ಒಂದೇ ಬಗೆಗೆ ತರುವ ಯೂನಿಕೋಡ್ ನಿಯಮ) ರೂಪಕ್ಕೆ ತನ್ನಿ. ‘ರಾಜ್‌ಕುಮಾರ್’ ಎಂಬಲ್ಲಿ ‘ಜ್’ ಮತ್ತು ‘ಕು’ ಕೂಡಿ ಒತ್ತಕ್ಷರವಾಗದಂತೆ ತಡೆಯುವ ಕಣ್ಣಿಗೆ ಕಾಣದ ಚಿಹ್ನೆಯೂ ಇರುತ್ತದೆ. ಅದನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ. ನೀವೂ ದತ್ತಾಂಶದಿಂದ ಕಿತ್ತುಹಾಕಬೇಡಿ, ಪದದ ರೂಪವೇ ಕೆಡುತ್ತದೆ. ಗುಂಡಿಯನ್ನು ಹುಡುಕಲು ಕನ್ನಡ ಪಠ್ಯವನ್ನು ನೆಚ್ಚುವ ಬದಲು ಅದಕ್ಕೊಂದು ಟೆಸ್ಟ್ ಐಡಿ (ಪರದೆಯಲ್ಲಿ ಕಾಣದ ಗುರುತು) ಕೊಡಿ. ಅನುವಾದಕರು ‘ಉಳಿಸಿ’ಯನ್ನು ‘ಉಳಿಸು’ ಮಾಡಿದ ಮಾತ್ರಕ್ಕೆ ಅವರ ಮೇಲೆ ಹರಿಹಾಯುವುದು ಅನ್ಯಾಯ.

ಕೋಡ್ ಬರೆಯದೆಯೇ ಟೆಸ್ಟ್ ರೆಕಾರ್ಡ್ ಮಾಡಿ, ಮುರಿದಾಗ ತಾನೇ ವಾಸಿಮಾಡಿಕೊಳ್ಳುವ ಪರಿಕರವನ್ನು ಮಾರತ್ತಹಳ್ಳಿಯ ತರಬೇತಿ ಕೇಂದ್ರವೊಂದರಲ್ಲಿ ಕಲಿಸುತ್ತಾರಂತೆ. ಸೇರಲೇ?

ಬೇಡ. ಅಳಿಸುವ ಗುಂಡಿಯನ್ನು ಉಳಿಸುವ ಗುಂಡಿ ಎಂದು ತಿಳಿದು ‘ವಾಸಿ’ಯಾದ ಟೆಸ್ಟ್ ಹಸಿರಾಗಿಯೇ ಇರುತ್ತದೆ. ಇದನ್ನು ರೋಗಪರಿಹಾರವೆಂದು ಮಾರುವವರು ನಕಲಿ ವೈದ್ಯರು.

ಸೆಲೆನಿಯಂ ಬಿಟ್ಟು ಪ್ಲೇರೈಟ್‌ಗೆ ಹೋದರೆ ಸಮಸ್ಯೆ ತೀರುತ್ತದೆಯೇ?

ಸ್ಲೀಪನ್ನೂ ಜೊತೆಗೆ ಕೊಂಡೊಯ್ದರೆ ಇಲ್ಲ.

ಸಿಐನ ಸ್ಕ್ರೀನ್‌ಶಾಟ್‌ನಲ್ಲಿ ಕನ್ನಡದ ಬದಲು ಬರೀ ಚೌಕಗಳು.

ಕಂಟೇನರ್‌ನಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿ.

ದಿನಾಂಕದ ಟೆಸ್ಟ್ ನನ್ನ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹೊತ್ತು ಮಾತ್ರ ಫೇಲಾಗುತ್ತದೆ, ಸಿಐಯಲ್ಲಿ ಎಂದೂ ಇಲ್ಲ. — ಓದುಗರು, ವಿಜಯನಗರ

ನಿಮ್ಮ ಟೆಸ್ಟ್ ಯುಟಿಸಿ (ಭಾರತಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ದಿನಾಂಕವನ್ನು ನಿರೀಕ್ಷಿಸುತ್ತಿದೆ, ಪುಟ ಭಾರತದ ದಿನಾಂಕವನ್ನು ತೋರಿಸುತ್ತಿದೆ. ನಡುರಾತ್ರಿಯಿಂದ ಬೆಳಗಿನ 5:30ರವರೆಗೆ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ಸಿಐ ಯಂತ್ರ ಪೂರ್ತಿ ಯುಟಿಸಿಯಲ್ಲಿಯೇ ಓಡುವುದರಿಂದ ಅಲ್ಲಿ ಎರಡೂ ಹೊಂದುತ್ತವೆ. ಟೆಸ್ಟ್‌ನ ಬ್ರೌಸರ್‌ಗೆ ಏಷ್ಯಾ/ಕೋಲ್ಕತ್ತಾ ಕಾಲವಲಯವನ್ನು ನಿಗದಿಮಾಡಿ, ನಿರೀಕ್ಷಿತ ದಿನಾಂಕವನ್ನೂ ಅದೇ ವಲಯದಲ್ಲಿ ಲೆಕ್ಕಹಾಕಿ.