ಮನೆಗೆ ಬಂದ ಮೇಲೂ ಬಿಡದ ಐಸಿಯು

ನನ್ನ ಬಳಿ ಆಪ್ತಸಲಹೆಗೆ ಬಂದ, ಐವತ್ತು ದಾಟಿದ ದಂಪತಿ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಕೋವಿಡ್ ನ್ಯುಮೋನಿಯಾದಿಂದ ಐಸಿಯು ಸೇರಿ, ಕೆಲವು ದಿನ ವೆಂಟಿಲೇಟರ್‌ನಲ್ಲಿದ್ದ ಗಂಡ ಮನೆಗೆ ಬಂದು ಎರಡು ತಿಂಗಳಾಗಿತ್ತು. ಮಾತಿನ ನಡುವೆಯೇ ಅವರು ಜೇಬಿನಿಂದ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡರು. 96 ತೋರಿಸಿತು, ಸಹಜ ಮಟ್ಟವೇ. ಸ್ವಲ್ಪ ಹೊತ್ತಿಗೆ ಮತ್ತೆ ನೋಡಿದರು.

"ಸ್ನಾನ ಮಾಡಿದರೂ ಸುಸ್ತಾಗಿ ಮಲಗಿಬಿಡುತ್ತಾರೆ. ರಾತ್ರಿಯೆಲ್ಲ ಎದ್ದು ಕೂರುತ್ತಾರೆ. ನನ್ನ ಮುಖವನ್ನೇ ನೋಡುವುದಿಲ್ಲ" ಎಂದರು ಪತ್ನಿ.

ಗಂಡನೊಡನೆ ಪ್ರತ್ಯೇಕವಾಗಿ ಮಾತನಾಡಿದಾಗ ವಿಷಯ ಹೊರಬಂತು. ಐಸಿಯುನಲ್ಲಿ ಯಾರೋ ತಮ್ಮ ಕೈ ಕಟ್ಟಿ ಕೊಲ್ಲಲು ನೋಡುತ್ತಿದ್ದರು, ಗಾಜಿನಾಚೆ ಪತ್ನಿ ನಿಂತು ನಗುತ್ತಿದ್ದಳು. ಈ ದೃಶ್ಯ ಅವರಿಗೆ ಪ್ರತಿ ರಾತ್ರಿ ಕಾಣುತ್ತಿತ್ತು. ಸುಳ್ಳೆಂದು ಬುದ್ಧಿಗೆ ಗೊತ್ತು, ಮನಸ್ಸು ಒಪ್ಪದು. ಬದುಕು ಸಾಕೆನಿಸುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಇಲ್ಲವೆಂದರು.

ಇದು ಹುಚ್ಚಲ್ಲ, ಡೆಲಿರಿಯಂ (ತೀವ್ರ ಕಾಯಿಲೆಯಲ್ಲಿ ಮಿದುಳಿಗೆ ಕವಿಯುವ ತಾತ್ಕಾಲಿಕ ಗೊಂದಲ) ಉಳಿಸಿಹೋದ ನೆನಪು ಎಂದು ವಿವರಿಸಿದೆ. ಸೋಂಕು, ಆಮ್ಲಜನಕದ ಕೊರತೆ, ಮಂಪರಿನ ಔಷಧಿ, ಹಗಲು ರಾತ್ರಿ ತಿಳಿಯದ ಬೆಳಕು, ಪಿಪಿಇ ಕಿಟ್‌ನೊಳಗೆ ಮುಖವೇ ಕಾಣದ ಸಿಬ್ಬಂದಿ, ಹತ್ತಿರ ತಮ್ಮವರು ಒಬ್ಬರೂ ಇಲ್ಲ. ಉಸಿರಾಟದ ಕೊಳವೆಯನ್ನು ರೋಗಿ ಕಿತ್ತುಕೊಳ್ಳದಂತೆ ಕೆಲವೊಮ್ಮೆ ಕೈ ಕಟ್ಟುವುದೂ ಉಂಟು. ಇಷ್ಟೆಲ್ಲ ಸೇರಿದಾಗ ಮಿದುಳು ತನಗೆ ತೋಚಿದ ಕಥೆ ಹೆಣೆಯುತ್ತದೆ.

ಅದೃಷ್ಟಕ್ಕೆ, ವೈದ್ಯರು ದಿನವೂ ಫೋನಿನಲ್ಲಿ ಹೇಳಿದ್ದನ್ನು ಪತ್ನಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದರು. ಐಸಿಯುನಲ್ಲಿ ದಿನವೂ ನಡೆದದ್ದನ್ನು ರೋಗಿ ಮುಂದೆ ಓದಿ ತಿಳಿಯಲೆಂದು ದಿನಚರಿ ಬರೆದಿಡುವ ಪದ್ಧತಿ ಹಲವು ಆಸ್ಪತ್ರೆಗಳಲ್ಲಿದೆ, ಇದು ಅದೇ ಕೆಲಸ ಮಾಡಬಲ್ಲದು ಎನಿಸಿತು. ತಾರೀಖಿನ ಪ್ರಕಾರ ಇಬ್ಬರೂ ಕೂತು ಓದಿ, ಸಾಕೆನಿಸಿದಾಗ ನಿಲ್ಲಿಸಿ ಎಂದೆ. ಆ ದಿನಗಳಲ್ಲಿ ಆಕೆಯೂ ಜ್ವರದಿಂದ ಮನೆಯ ಕೋಣೆಯಲ್ಲಿ ಪ್ರತ್ಯೇಕವಾಗಿದ್ದರು ಎಂಬುದನ್ನು ಗಂಡ ಅಲ್ಲೇ ಮೊದಲ ಬಾರಿಗೆ ಓದಿದರು. ಕೆಟ್ಟ ಕನಸುಗಳು ತಿಂಗಳು ಮೀರಿದ್ದರಿಂದ ಮಾನಸಿಕ ಆಘಾತಕ್ಕೆ ಚಿಕಿತ್ಸೆ ನೀಡುವುದರಲ್ಲಿ ಅನುಭವವಿರುವ ಮನಶ್ಶಾಸ್ತ್ರಜ್ಞರ ಬಳಿಗೂ ಕಳುಹಿಸಿದೆ.

ಸುಸ್ತಿನ ಬಗ್ಗೆ ಮನೆಯವರಿಗೆ ಖಡಾಖಂಡಿತವಾಗಿ ಹೇಳಿದೆ: ಇದು ಸೋಮಾರಿತನವಲ್ಲ. ಐಸಿಯು ಹಾಸಿಗೆಯಲ್ಲಿ ಸ್ನಾಯುಗಳು ಬೇಗ ಕರಗುತ್ತವೆ. ಜೊತೆಗೆ, ಕೋವಿಡ್ ನಂತರ ಕೆಲವರಿಗೆ ಮಿತಿಮೀರಿ ದುಡಿದ ದಿನವಲ್ಲ, ಒಂದೆರಡು ದಿನ ಕಳೆದು ಕುಸಿತ ಬರುತ್ತದೆ. ಅಂಥವರಿಗೆ "ಸ್ವಲ್ಪ ಗಟ್ಟಿ ಮನಸ್ಸು ಮಾಡಿ" ಎನ್ನುವ ಉಪದೇಶ ಹಾನಿಯನ್ನೇ ಮಾಡುತ್ತದೆ. ಕುಳಿತು ಸ್ನಾನ ಮಾಡುವುದು, ದಣಿಯುವ ಮೊದಲೇ ವಿರಮಿಸುವುದು, ಚೆನ್ನಾಗಿದೆ ಎನಿಸಿದ ದಿನವೂ ಮಿತಿ ದಾಟದಿರುವುದು, ಇಷ್ಟರಿಂದ ಶುರುಮಾಡಿದೆವು. ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸುತ್ತಾರೆ.

ಆಕ್ಸಿಮೀಟರನ್ನು ಕಿತ್ತುಕೊಳ್ಳಲಿಲ್ಲ. ವೈದ್ಯರನ್ನು ಕೇಳಿ, ದಿನಕ್ಕೆ ಎರಡು ಸಲ, ವಿಶ್ರಾಂತಿಯ ನಂತರ, ಬೆರಳು ಬೆಚ್ಚಗಿರುವಾಗ ನೋಡುವುದೆಂದು ಗೊತ್ತುಮಾಡಿಕೊಂಡೆವು. ಉಳಿದ ಹೊತ್ತು ಅದು ಪತ್ನಿಯ ಬಳಿ. ಆದರೆ ಎದೆನೋವು, ಹೆಚ್ಚುತ್ತಿರುವ ಉಬ್ಬಸ, ತಲೆಸುತ್ತಿ ಬೀಳುವುದು, ಒಂದೇ ಕಾಲು ಊದಿಕೊಳ್ಳುವುದು ಕಂಡರೆ ಆಪ್ತಸಲಹೆಗೆ ಕಾಯಬಾರದು, ನೇರ ಆಸ್ಪತ್ರೆಗೆ ಹೋಗಬೇಕು.

ಈಗ ಅವರು ರಾತ್ರಿ ಹೆಚ್ಚು ಹೊತ್ತು ನಿದ್ರಿಸುತ್ತಾರೆ, ದಣಿವು ಇನ್ನೂ ಇದೆ. ಮುಂದಿನ ಭೇಟಿಗೆ ಪತ್ನಿ ಒಬ್ಬರೇ ಬರಲಿ ಎಂದಿದ್ದೇನೆ. ಫೋನ್ ರಿಂಗಾದರೆ ಇಂದಿಗೂ ಆಕೆಯ ಕೈ ನಡುಗುತ್ತದೆ.