ಕೆರೆಯ ಪಾಠದಲ್ಲಿ ನಾನು ಎಬ್ಬಿಸಿ ನಿಲ್ಲಿಸಿದ ಹುಡುಗ

ಯಾರ ಕಥೆ ಹೇಳಿದರೆ ಒಂಬತ್ತನೇ ತರಗತಿ ಮಕ್ಕಳಿಗೆ ಸಾಮಾಜಿಕ ನ್ಯಾಯ, ನಾಗರಿಕ ಜವಾಬ್ದಾರಿ ತಿಳಿಯುತ್ತದೆ ಅಂತ ಕೇಳಿದ್ದೀರಿ. ನವಲಗುಂದ ತಾಲ್ಲೂಕಿನ ಹಳ್ಳಿಯೊಂದರ ಹೈಸ್ಕೂಲಿಗೆ ಹೊಸದಾಗಿ ಸೇರಿದಾಗ ನನ್ನ ತಲೆಯಲ್ಲಿದ್ದದ್ದೂ ಇದೇ.

ನಾನು ಆರಿಸಿಕೊಂಡದ್ದು ಮಹಾರಾಷ್ಟ್ರದ ಮಹಾಡ್ ಊರಿನ ಚವದಾರ್ ಕೆರೆ, ದಲಿತರಿಗೆ ನೀರು ಮುಟ್ಟಲು ಬಿಡದಿದ್ದ ಕೆರೆ. ನವಲಗುಂದದ ಕಡೆ ಬೋರ್ ನೀರು ಉಪ್ಪು, ಆಗ ಕುಡಿಯಲು ಊರಿಗೆಲ್ಲ ಕೆರೆ ನೀರೇ. ಮಕ್ಕಳಿಗೆ ಬೇಗ ತಲೆಗೆ ಹತ್ತುತ್ತದೆ ಅಂದುಕೊಂಡೆ. ಹತ್ತಿತು ಕೂಡ. ಸಾರ್ವಜನಿಕ ಕೆರೆ, ಬಾವಿ ಎಲ್ಲರಿಗೂ ಮುಕ್ತವಾಗಬೇಕು ಅಂತ ಮುಂಬೈ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಆಗ ನಮ್ಮ ಧಾರವಾಡವೂ ಮುಂಬೈ ಪ್ರಾಂತ್ಯದಲ್ಲೇ ಇತ್ತು. ಮಹಾಡ್ ಪುರಸಭೆ 1924ರಲ್ಲಿ ಠರಾವು ಮಾಡಿ ಚವದಾರ್ ಕೆರೆಯನ್ನು ತೆರೆಯಿತು, ಬರೀ ಕಾಗದದ ಮೇಲೆ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ಹೋಗಿ ಆ ನೀರು ಕುಡಿದರು. ಆಮೇಲೆ ಅವರ ಮೇಲೆ ಹಲ್ಲೆ, ಸವರ್ಣೀಯರಿಂದ ಕೆರೆಯ 'ಶುದ್ಧೀಕರಣ', ಕೋರ್ಟು. ಹೈಕೋರ್ಟಿನಲ್ಲಿ ಗೆದ್ದದ್ದು 1937ರಲ್ಲಿ.

ಇಲ್ಲಿಯವರೆಗೆ ಎಲ್ಲ ಸರಿ ಇತ್ತು. ಆಗ ನಾನು ದಲಿತ ಕೇರಿಯ ಒಬ್ಬ ಹುಡುಗನನ್ನು ಹೆಸರು ಹಿಡಿದು ಎಬ್ಬಿಸಿದೆ. "ನಿಮ್ಮ ಅಜ್ಜನ ಕಾಲದಲ್ಲಿ ನಮ್ಮೂರ ಕೆರೆಗೆ ಬಿಡ್ತಿದ್ದರಾ? ಎಲ್ಲರಿಗೂ ಹೇಳಪ್ಪ" ಅಂದೆ. ಅವನಿಗೆ ಗೌರವ ಕೊಡುತ್ತಿದ್ದೇನೆ ಅಂತ ನಿಜವಾಗಿ ನಂಬಿದ್ದೆ. ಅವನ ಮನೆಯ ಮಾತಿಗೆ ಪಾಠದಲ್ಲಿ ಜಾಗ ಸಿಗಲಿ ಅನ್ನೋದು ನನ್ನ ಆಸೆ. ಆದರೆ ನಲವತ್ತು ಮುಖ ಒಟ್ಟಿಗೆ ಅವನ ಕಡೆ ತಿರುಗಿದವು. ಅವನು ಡೆಸ್ಕಿನ ಬಣ್ಣವನ್ನು ಉಗುರಿನಿಂದ ಕೆರೆಯುತ್ತಾ ನಿಂತ. ನಾನು ಆಗಲೂ ಕೂರಿಸಲಿಲ್ಲ. "ಹೆದರಬೇಡ, ಹೇಳು" ಅಂತ ಇನ್ನೊಮ್ಮೆ ಅಂದೆ. ಆ ಎರಡನೇ ಸಲದ್ದು ನನ್ನನ್ನು ಇವತ್ತಿಗೂ ಚುಚ್ಚುತ್ತದೆ. ಮಾರನೇ ದಿನದಿಂದ ಅವನು ಹನ್ನೊಂದು ದಿನ ಶಾಲೆಗೆ ಬರಲಿಲ್ಲ.

ಮನೆಗೆ ಹೋದೆ. ಅವನ ತಾಯಿ ಚಹಾ ಕೊಟ್ಟು ಕೇಳಿದರು: "ಸರ, ನನ್ನ ಮಗನ್ನ ಒಬ್ಬನ್ನ ಯಾಕ ನಿಂದರಿಸಿದ್ರಿ? ನಮ್ಮನ್ನ ಕೆರಿ ಹತ್ರ ಬಿಡದವರ ಮೊಮ್ಮಕ್ಕಳೂ ಅಲ್ಲೇ ಕುಂತಿದ್ರಲ್ರಿ. ಅವ್ರನ್ನ ಯಾಕ ಕೇಳಲಿಲ್ಲ?"

ಹುಡುಗ ವಾಪಸ್ ಬಂದ. ಆ ವರ್ಷ ನನ್ನ ಪಿರಿಯಡ್‌ನಲ್ಲಿ ಬಾಯಿ ಬಿಡಲಿಲ್ಲ.

ಹಾಗಾಗಿ 'ಯಾರ ಕಥೆ' ಅನ್ನೋ ಪ್ರಶ್ನೆಯನ್ನೇ ಬಿಡಿ. ದೊಡ್ಡವರ ಕಥೆ ಕೇಳಿ ಮಕ್ಕಳು ಕೈ ಮುಗಿಯುತ್ತಾರೆ, ಅಷ್ಟೇ. 1924ರಿಂದ 1927ರವರೆಗೆ ಮಹಾಡ್ ಪುರಸಭೆಯ ಆ ಠರಾವನ್ನು ಜಾರಿ ಮಾಡದೆ ಸುಮ್ನೆ ಕೂತವರ ಬಗ್ಗೆ ಕೇಳಿ. ನಾಗರಿಕ ಜವಾಬ್ದಾರಿ ಇರೋದು ಆ ಮೂರು ವರ್ಷದಲ್ಲಿ, ಅಲ್ವಾ? ಮತ್ತೆ, ಮನೆಗೆಲಸ ಕೊಟ್ಟರೆ ತರಗತಿಗೆಲ್ಲ ಒಂದೇ ಕೊಡಿ, ಬರೆದು ತರಲಿ, ಯಾರನ್ನೂ ಎಬ್ಬಿಸಿ ಓದಿಸಬೇಡಿ.

ಮುಂದಿನ ವರ್ಷ ನಾನು ಹಾಗೇ ಮಾಡಿದೆ: ಅಜ್ಜ ಅಜ್ಜಿಯರ ಕಾಲದಲ್ಲಿ ಊರ ಕೆರೆ ನೀರು ಯಾರಿಗೆ ಹೇಗೆ ಸಿಗುತ್ತಿತ್ತು ಅಂತ ಮನೆಯಲ್ಲಿ ಕೇಳಿ ಬರೆದು ತರಲು ಎಲ್ಲರಿಗೂ ಹೇಳಿದೆ. ಊರ ನಡುವಿನ ದೊಡ್ಡ ಮನೆಯ ಹುಡುಗಿ ಬರೆದಿದ್ದಳು: "ನಮ್ಮ ಅಜ್ಜಿ ದಲಿತ ಕೇರಿಯವರ ಕೊಡಕ್ಕೆ ಮೇಲಿಂದ ನೀರು ಸುರಿಯುತ್ತಿದ್ದಳಂತೆ. ಹೇಳುವಾಗ ನನ್ನ ಮುಖ ನೋಡಲಿಲ್ಲ." ಅವಳೇ ಮಾರನೇ ದಿನ ಸ್ಟಾಫ್ ರೂಮಿಗೆ ಬಂದು ಕೇಳಿದಳು: "ಸರ್, ನಮ್ಮ ಪಂಚಾಯ್ತಿಯ ಠರಾವು ಪುಸ್ತಕ ನೋಡೋಕೆ ಕೊಡ್ತಾರಾ?"