ಡಿಸ್ಕ್ ಜಾರಿ ಮೂರು ತಿಂಗಳಾಯಿತು, ಮತ್ತೆ ಮೊದಲಿನ ಹಾಗೆ ಆಗ್ತೀನಾ?

ಭಾರ ಎತ್ತುವಾಗ ಸೊಂಟದ ಡಿಸ್ಕ್ ಜಾರಿ ಮೂರು ತಿಂಗಳಾಯಿತು ಅಂತ ಬರೆದಿದ್ದೀರಿ. ಎಂಆರ್‌ಐನಲ್ಲಿ ಎಲ್4-ಎಲ್5, ಅಂದರೆ ಸೊಂಟದ ನಾಲ್ಕನೇ ಮತ್ತು ಐದನೇ ಮೂಳೆಗಳ ನಡುವಿನ ಡಿಸ್ಕ್ ಅಂತ ಬಂದಿದೆ, ನೋವು ಕಾಲಿಗೆ ಇಳಿದಿದೆ, ಹೆಬ್ಬೆರಳು ಮರಗಟ್ಟಿದೆ. ಡಾಕ್ಟರು ಸದ್ಯಕ್ಕೆ ಆಪರೇಷನ್ ಬೇಡ, ಕಾದು ನೋಡೋಣ ಅಂದಿದ್ದಾರೆ. ಆದರೆ ಕಾಯುವ ಧೈರ್ಯವೇ ಉಳಿದಿಲ್ಲ, ಭರವಸೆ ಇಟ್ಟುಕೊಳ್ಳುವುದು ಹೇಗೆ ಅಂತ ಕೇಳಿದ್ದೀರಿ. ನನಗೂ ಜಾರಿದ್ದು ಅದೇ ಡಿಸ್ಕ್. ಪಾದ ಮೇಲೆತ್ತುವ ಬಲವೂ ಕಡಿಮೆಯಾಗಿತ್ತು. ಈಗ ನಡೆಯುತ್ತೇನೆ, ಗಂಟೆಗಟ್ಟಲೆ ಕೂತು ಕೆಲಸ ಮಾಡುತ್ತೇನೆ, ಮಗಳನ್ನು ಎತ್ತಿಕೊಳ್ಳುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ.

ಮೊದಲು ಒಂದು ಎಚ್ಚರಿಕೆ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದಿಯಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಎರಡೂ ಕಾಲು ಸೋಲುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಕೂಡಲೇ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಪಾದದ ಬಲ ದಿನೇ ದಿನೇ ಇಳಿಯುತ್ತಿದ್ದರೂ ಅದೇ ದಿನ ಡಾಕ್ಟರಿಗೆ ತಿಳಿಸಿ. ಇವು ಯಾವುವೂ ಇಲ್ಲ ಅಂದರೆ ಕಾಯುವುದಕ್ಕೆ ಅರ್ಥವಿದೆ.

ಯಾಕೆಂದರೆ ಆ ಹೊತ್ತಿನಲ್ಲಿ ದೇಹ ಕೆಲಸ ಮಾಡುತ್ತಿರುತ್ತದೆ. ಡಿಸ್ಕಿನ ಒಳಗಿನ ಮೆತ್ತನೆಯ ಭಾಗ ಹೊರಗೆ ಬಂದಾಗ ರೋಗನಿರೋಧಕ ಕಣಗಳು ಅದನ್ನು ಹೊರಗಿನ ವಸ್ತು ಅಂತ ಗುರುತಿಸಿ ನಿಧಾನಕ್ಕೆ ತಿಂದು ಕರಗಿಸುತ್ತವೆ. ಸ್ವಲ್ಪ ಉಬ್ಬಿದ ಡಿಸ್ಕಿಗಿಂತ ಪೂರ್ತಿ ಹೊರಬಿದ್ದ ದೊಡ್ಡ ತುಂಡು ಕರಗುವ ಸಾಧ್ಯತೆಯೇ ಜಾಸ್ತಿ! ರಿಪೋರ್ಟಿನ ಭಯಂಕರ ಪದಗಳನ್ನು ಓದಿ ಕಂಗೆಟ್ಟವರಿಗೆ ಇದನ್ನು ಯಾರೂ ಯಾಕೆ ಮೊದಲೇ ಹೇಳುವುದಿಲ್ಲವೋ. ಇನ್ನೊಂದು ವಿಷಯ. ಬೆನ್ನುನೋವೇ ಇಲ್ಲದ 3110 ಜನರ ಸ್ಕ್ಯಾನುಗಳನ್ನು ಒಟ್ಟು ಸೇರಿಸಿ ನೋಡಿದ ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಇಪ್ಪತ್ತರ ವಯಸ್ಸಿನವರಲ್ಲೇ ಸುಮಾರು 30 ಪ್ರತಿಶತ ಜನರಿಗೆ ಡಿಸ್ಕ್ ಉಬ್ಬಿತ್ತು. ಎಂಬತ್ತರವರಲ್ಲಿ 84 ಪ್ರತಿಶತ. ಹಾಗಾಗಿ ಮೊದಲಿನ ಹಾಗೆ ಬದುಕಲು ಸ್ಕ್ಯಾನು ಮೊದಲಿನ ಹಾಗೆ ಆಗಬೇಕಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇವತ್ತು ಎಷ್ಟು ನೋವಿದೆ ಅನ್ನುವುದರ ಮೇಲೆ ಭರವಸೆಯನ್ನು ಕಟ್ಟಬೇಡಿ. ನೋವು ನಿದ್ದೆ ಕೆಟ್ಟರೆ ಏರುತ್ತದೆ, ಚಿಂತೆ ಹೆಚ್ಚಾದರೆ ಏರುತ್ತದೆ, ಕೆಲವೊಮ್ಮೆ ಕಾರಣವೇ ಇಲ್ಲದೆ ಏರುತ್ತದೆ. ಅದು ಎಲ್ಲಿಯವರೆಗೆ ಇಳಿಯುತ್ತಿದೆ ಅಂತ ನೋಡಿ. ಪಾದದವರೆಗೆ ಹೋಗುತ್ತಿದ್ದ ನೋವು ಮೀನಖಂಡಕ್ಕೆ, ಅಲ್ಲಿಂದ ತೊಡೆಗೆ, ಕೊನೆಗೆ ಸೊಂಟಕ್ಕೆ ಹಿಂದೆ ಸರಿದರೆ ಅದು ಒಳ್ಳೆಯ ಲಕ್ಷಣ. ಆ ಹೊತ್ತಿನಲ್ಲಿ ಸೊಂಟದ ನೋವು ಸ್ವಲ್ಪ ಹೆಚ್ಚಾದರೂ ಸರಿಯೇ. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ 1950ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಈಗಲೂ ಫಿಸಿಯೋಗಳು ಇದನ್ನು ಕೇಳುತ್ತಾರೆ. ನನಗೆ ನೋವು ಮಂಡಿಯ ಮೇಲೆ ಸರಿದ ವಾರ ಸೊಂಟ ಹಿಡಿದುಕೊಂಡಿತ್ತು. ಫಿಸಿಯೋ ಮಾತ್ರ ಖುಷಿಪಟ್ಟರು. ಅವರು ಹೇಳದಿದ್ದರೆ ಆ ವಾರವನ್ನು ನಾನು ಸೋಲು ಅಂತಲೇ ಎಣಿಸುತ್ತಿದ್ದೆ.

ಜೋಮು ಹೋಗುವುದು ಕೊನೆಗೆ. ನರದ ಎಳೆಗಳಿಗೇ ಹಾನಿಯಾಗಿದ್ದರೆ ಅವು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಹೆಬ್ಬೆರಳಿಗೆ ಹೆಚ್ಚುಕಡಿಮೆ ಒಂದು ಮೀಟರ್ ದೂರ. ಬರೀ ಒತ್ತಡಕ್ಕೆ ಸಿಕ್ಕ ನರ ಇದಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ. ಅಂತೂ ಮೂರು ತಿಂಗಳಿಗೆ ಬೆರಳು ಮರಗಟ್ಟಿಯೇ ಇದ್ದರೆ ಎಲ್ಲ ಮುಗಿಯಿತು ಅಂತ ಅಲ್ಲ. ನನ್ನ ಹೆಬ್ಬೆರಳ ಪಕ್ಕ ಇವತ್ತಿಗೂ ಸ್ವಲ್ಪ ಮಂದ. ಅದರಿಂದ ಯಾವ ಕೆಲಸವೂ ನಿಂತಿಲ್ಲ.

ಹಾಸಿಗೆ ಹಿಡಿಯಬೇಡಿ. ದೊಡ್ಡವರಾದ ಮೇಲೆ ಡಿಸ್ಕಿಗೆ ನೇರ ರಕ್ತ ಸಂಚಾರ ಇಲ್ಲದಷ್ಟೇ ಕಡಿಮೆ. ಅದಕ್ಕೆ ಪೋಷಣೆ ಅಕ್ಕಪಕ್ಕದ ಮೂಳೆಯಿಂದ ಒಸರಿ ಬರಬೇಕು. ಮಲಗಿಯೇ ಇದ್ದರೆ ಬೆನ್ನನ್ನು ಹಿಡಿದಿಡುವ ಸ್ನಾಯುಗಳೂ ಬೇಗ ಸೊರಗುತ್ತವೆ. ಕಾಲುನೋವು ಜಾಸ್ತಿಯಾಗುವ ಮೊದಲೇ ನಿಲ್ಲಿಸುವಷ್ಟು ನಡೆಯಿರಿ. ದಿನಕ್ಕೆ ನಾಲ್ಕೈದು ಸಲ ಸ್ವಲ್ಪ ಸ್ವಲ್ಪ ಆದರೂ ಪರವಾಗಿಲ್ಲ. ಬೆಳಿಗ್ಗೆ ಎದ್ದ ಮೊದಲ ಒಂದು ಗಂಟೆ ಬಗ್ಗುವುದನ್ನು ಆದಷ್ಟು ತಪ್ಪಿಸಿ. ರಾತ್ರಿಯಿಡೀ ಡಿಸ್ಕ್ ನೀರು ಹೀರಿ ಉಬ್ಬಿರುತ್ತದೆ, ಆಗ ಬಗ್ಗಿದರೆ ಅದರ ಮೇಲೆ ಒತ್ತಡ ಹೆಚ್ಚು. ಏಳುವಾಗ ಇಡೀ ಮೈಯನ್ನು ಒಟ್ಟಿಗೆ ಪಕ್ಕಕ್ಕೆ ಹೊರಳಿಸಿ, ಕಾಲು ಕೆಳಗಿಳಿಸುತ್ತಾ ಕೈಯೂರಿ ಏಳಿ.

ಚೆನ್ನಾಗಿದ್ದ ಎರಡು ವಾರದ ನಂತರ ಒಂದು ಕೆಟ್ಟ ದಿನ ಬರುತ್ತದೆ ನೋಡಿ, ಅದು ಮೊದಲ ನೋವಿಗಿಂತ ಜಾಸ್ತಿ ಕಂಗೆಡಿಸುತ್ತದೆ. ಅದಕ್ಕೇ ವಾರಕ್ಕೊಮ್ಮೆ ಬರೆದಿಡಿ. ಎಷ್ಟು ಹೊತ್ತು ಕೂರಲಾಯಿತು, ಹಿಮ್ಮಡಿಯ ಮೇಲೆ ನಡೆಯಲಾಯಿತಾ, ನಿದ್ದೆ ಎಷ್ಟು ಸಲ ಮುರಿಯಿತು. ಕೆಟ್ಟ ದಿನ ಬಂದಾಗ ಹಿಂದಿನ ತಿಂಗಳ ಪುಟ ತೆಗೆಯಿರಿ. ಮನಸ್ಸು ಒಪ್ಪದಿದ್ದರೂ ಪುಟ ಸುಳ್ಳು ಹೇಳುವುದಿಲ್ಲ.

ರಾತ್ರಿ ಅಳು ಬರುತ್ತದೆ ಅಂತ ಬರೆದಿದ್ದೀರಲ್ಲ, ಅದನ್ನೂ ಡಾಕ್ಟರಿಗೆ ಹೇಳಿ. ನಿದ್ದೆಗೂ ಮನಸ್ಸಿಗೂ ಚಿಕಿತ್ಸೆ ಸಿಕ್ಕರೆ ನೋವು ತಾಳುವ ಶಕ್ತಿ ಹೆಚ್ಚುತ್ತದೆ. ಮನೆಯವರ ಮುಂದೆ ಗಟ್ಟಿಯಾಗಿರಬೇಕು ಅಂತೇನೂ ಇಲ್ಲ.

ಕಾದ ಮೇಲೂ ಆಪರೇಷನ್ ಬೇಕಾಯಿತು ಅಂದರೆ ಅದೂ ಸೋಲಲ್ಲ. ನೆದರ್ಲೆಂಡ್ಸ್‌ನಲ್ಲಿ ಇಂಥದೇ ಕಾಲುನೋವಿನ 283 ಜನರ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಬೇಗ ಆಪರೇಷನ್ ಆದವರ ನೋವು ಬೇಗ ಇಳಿಯಿತು. ಒಂದು ವರ್ಷದ ಹೊತ್ತಿಗೆ ಎರಡೂ ಗುಂಪು ಹೆಚ್ಚುಕಡಿಮೆ ಸಮನಾಗಿದ್ದವು. ಕಾದವರಲ್ಲೂ ಹತ್ತರಲ್ಲಿ ಸುಮಾರು ನಾಲ್ಕು ಜನ ಕೊನೆಗೆ ಆಪರೇಷನ್ ಮಾಡಿಸಿಕೊಂಡರು. ಮುಂದಿನ ಸಲ ಹೋದಾಗ ಪಾದದ ಬಲ ಪರೀಕ್ಷೆ ಮಾಡಿಸಿ, ಮೊದಲಿಗಿಂತ ಹೇಗಿದೆ ಅಂತ ಕೇಳಿ. ಎಲ್ಲಿಯವರೆಗೆ ಕಾಯಬಹುದು ಅಂತಲೂ ಕೇಳಿ. ಆ ಉತ್ತರ ನಿಮ್ಮ ಕೈಯಲ್ಲಿರಲಿ.